ಬಿಟ್ಟ ಕೆಂಬೇರಿಗೆ ಸಿಕ್ಕ ಪ್ರಶಸ್ತಿಪತ್ರ

ಹೊಳೆಯಲ್ಲಿ ಹಿಡಿದ ಮೀನನ್ನು ಹೊಳೆಗೇ ಬಿಟ್ಟದ್ದಕ್ಕೆ ನನಗೊಂದು ಪ್ರಶಸ್ತಿಪತ್ರ ಬಂದಿದೆ. ನಗುವವರು ನಗಲಿ. ಮೊದಮೊದಲು ನಾನೂ ನಕ್ಕವನೇ.

ಕಾರ್ಕಳದ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾಗಿ ಮಣಿಪಾಲದಲ್ಲಿ ಮನೆ ಮಾಡಿದಾಗ ಅಲ್ಲಿ ಗಾಳ ಹಾಕುವವರ ಒಂದು ಕ್ಲಬ್ ಇರುವುದು ಗೊತ್ತಾಯಿತು. ಡಾಕ್ಟರುಗಳು, ಪ್ರೊಫೆಸರುಗಳು. ಅವರದ್ದು ಫ್ಲೈ ಫಿಶಿಂಗ್. ಎರೆಹುಳವಿಲ್ಲ, ಸಿಗಡಿಯಿಲ್ಲ, ಕೊಕ್ಕೆಗೆ ಗರಿ, ನೂಲು ಸುತ್ತಿ ಮಾಡಿದ ಸುಳ್ಳು ಸಿಗಡಿ. ಇನ್ನಂಜೆಯ ತಂಗಿಯ ಮನೆಯ ಹುಂಜದ ಗರಿಯಿಂದ ನಾನು ಕಟ್ಟಿದ್ದನ್ನು ನೋಡಿ ಅವರೆಲ್ಲ ಹೊಗಳಿದರು. ಹೊಗಳಿಕೆಗೆ ಉಬ್ಬುವ ವಯಸ್ಸು ದಾಟಿದೆ ಎಂದುಕೊಂಡಿದ್ದೆ. ದಾಟಿರಲಿಲ್ಲ.

ಕ್ಲಬ್ಬಿನ ನಿಯಮ ಹೀಗೆ: ಮೀನನ್ನು ಅಳತೆಯ ಹಲಗೆಯ ಮೇಲೆ ಮಲಗಿಸಿ ಫೋಟೋ ತೆಗೆಯಬೇಕು, ಅದು ಜೀವಂತವಾಗಿ ಈಜಿಕೊಂಡು ಹೋಗುವ ವಿಡಿಯೋ ಬೇಕು, ದೋಣಿಯಲ್ಲಿದ್ದ ಇನ್ನೊಬ್ಬರ ಸಾಕ್ಷಿ ಸಹಿ ಬೇಕು. ಒಂದೇ ವರ್ಷದಲ್ಲಿ ಮೂರು ಜಾತಿಯ ದೊಡ್ಡ ಮೀನು ಹಿಡಿದು ಬಿಟ್ಟವನ ಹೆಸರು ಗೋಡೆಯ ಫಲಕಕ್ಕೆ ಏರುತ್ತದೆ. ಎರಡು ನನಗೆ ಆಗಿತ್ತು. ಮೂರನೆಯದು ಎರಡು ಅಡಿಯ ಕೆಂಬೇರಿ. ಮಳೆ ಹಿಡಿಯುವ ಮೊದಲು ಸಿಕ್ಕರೆ ಸಿಕ್ಕಿತು, ಇಲ್ಲವಾದರೆ ಆ ವರ್ಷದ ಲೆಕ್ಕ ಅಲ್ಲಿಗೇ ಮುಗಿಯಿತು.

ದೋಣಿ ಕಲ್ಯಾಣಪುರದ ಪೊರ್ಬುಗಳದ್ದು. ನಮ್ಮ ಕಡೆ ಕ್ರಿಶ್ಚಿಯನ್ ಹಿರಿಯರನ್ನು ಹಾಗೇ ಕರೆಯುವುದು. ಅವರ ಹೆಂಡತಿ ನನಗೆ ಬಾಯಮ್ಮ. ಕ್ಲಬ್ಬು ಗಿಬ್ಬು ಯಾವುದೂ ಇಲ್ಲದ ಕಾಲದಿಂದ, ರಜೆ ಸಿಕ್ಕಿದಾಗಲೆಲ್ಲ ನಾನು ಅವರ ದೋಣಿಯಲ್ಲಿ ಕೂತು ಗಾಳ ಹಾಕಿದವನು. ದೊಡ್ಡ ಮೀನು ಸಿಕ್ಕರೆ ಪಾಲು ಮಾತಾಡದೆಯೇ ಆಗುತ್ತಿತ್ತು: ತಲೆಯ ಕಡೆ ದೋಣಿಗೆ, ಬಾಲದ ಕಡೆ ಗಾಳಕ್ಕೆ. ಬಾಯಮ್ಮ ಆ ತಲೆಯನ್ನು ಹುಣಸೆಹುಳಿ ಹಾಕಿ ಬೇಯಿಸುತ್ತಿದ್ದರು. ಎಷ್ಟೋ ಸಲ ನನ್ನನ್ನೂ ಊಟಕ್ಕೆ ಕೂರಿಸಿದ್ದರು.

ಆ ವರ್ಷ ಬಾಯಮ್ಮನಿಗೆ ಗಂಟಲಿನ ಕ್ಯಾನ್ಸರ್ ಆಯಿತು. ಆಸ್ಪತ್ರೆಯಲ್ಲಿ ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಿಕೊಂಡು ಬಂದ ಮೇಲೆ ಊಟ ಎಂದರೆ ಸಾಕು, ಮುಖ ತಿರುಗಿಸುತ್ತಿದ್ದರು. ಗಂಜಿಯೂ ಬೇಡ. ಪೇಟೆಯಿಂದ ಮೀನು ತಂದರೆ ಐಸಿನ ವಾಸನೆಗೇ ವಾಂತಿ. ಹೀಗೆಯೇ ಮುಂದುವರಿದರೆ ಮೂಗಿನಿಂದ ನಳಿಗೆ ಹಾಕಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಒಂದು ಶನಿವಾರ ಪೊರ್ಬುಗಳೇ ಫೋನ್ ಮಾಡಿದರು.

"ಮಾಷ್ಟ್ರೆ, ನಾಳೆ ಹೋಗುವನಾ? ಅವಳು ಇವತ್ತು ಬಾಯಿಬಿಟ್ಟು ಕೇಳಿದಳು ಮಾರಾಯ್ರೆ. ಹೊಳೆಯ ಕೆಂಬೇರಿಯ ತಲೆ ಇದ್ದರೆ ಎರಡು ತುತ್ತು ಉಣ್ಣಬಹುದು ಅಂತ."

"ಹೋಗುವ," ಎಂದೆ. ಸಂತೋಷದಿಂದಲೇ ಎಂದೆ. ನನಗೂ ಕೆಂಬೇರಿಯೇ ಬೇಕಿತ್ತು.

ಆದಿತ್ಯವಾರ ಇಗರ್ಜಿಯ ಪೂಜೆ ತಪ್ಪಿಸಿದವರಲ್ಲ ಪೊರ್ಬುಗಳು. ಅಂದು ತಪ್ಪಿಸಿ ಬಂದರು. ಹೊಳೆಯಂಚಿನ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರಿನ ಪಕ್ಕದಲ್ಲಿ ದೋಣಿಯನ್ನು ಅಲ್ಲಾಡದ ಹಾಗೆ ಹಿಡಿದು ನಿಂತರು. ಬಿಸಿಲೇರುವ ಹೊತ್ತಿಗೆ ಕೆಂಬೇರಿ ಕಚ್ಚಿತು. ಬೇರಿನೊಳಗೆ ನುಗ್ಗದ ಹಾಗೆ ದೋಣಿ ತಿರುಗಿಸಿದವರು ಅವರು, ಬಲೆಚೀಲದಲ್ಲಿ ಎತ್ತಿದವರೂ ಅವರು. ಹಲಗೆಯ ಮೇಲೆ ಮಲಗಿಸಿದಾಗ ಎರಡು ಅಡಿ ದಾಟಿ ಎರಡು ಬೆರಳು ಹೆಚ್ಚೇ ಇತ್ತು. ಪೊರ್ಬುಗಳು ನಗುತ್ತಾ, ಮೀನು ಮನೆಗೆ ಒಯ್ಯಲು ತಂದಿದ್ದ ಚೀಲ ಬಿಡಿಸಿದರು.

ನಾನು ಫೋನನ್ನು ಅವರ ಕೈಗೆ ಕೊಟ್ಟು, "ಸ್ವಲ್ಪ ವಿಡಿಯೋ ತೆಗೆಯಿರಿ," ಎಂದೆ.

ಅವರಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. "ಇದನ್ನೂ ಬಿಡುವುದಾ?" ಎಂದರು.

"ಇದೊಂದು ಬಿಟ್ಟರೆ ನನ್ನದು ಮುಗಿಯಿತು ಪೊರ್ಬುಗಳೇ. ಆಮೇಲೆ ಹಿಡಿಯುವುದೆಲ್ಲ ಬಾಯಮ್ಮನಿಗೆ. ಇಡೀ ದಿನ ಉಂಟಲ್ಲ."

ಅವರು ಚೀಲವನ್ನು ಮಡಚಿ ಕಾಲಬುಡದಲ್ಲಿಟ್ಟರು. ವಿಡಿಯೋ ತೆಗೆದರು. ನಾನು ಕೆಂಬೇರಿಯನ್ನು ಎರಡೂ ಕೈಯಲ್ಲಿ ನೀರಿಗಿಳಿಸಿದೆ, ಅದು ಬಾಲ ಬೀಸಿ ಹೋಯಿತು. ಅದರಲ್ಲಿ ಅರ್ಧ ನನ್ನದಲ್ಲ ಎಂಬುದು ಆಗ ನನ್ನ ತಲೆಗೆ ಬರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಬಂದಿತ್ತು. ಫಲಕದಲ್ಲಿ ನನ್ನ ಹೆಸರು ಅದಕ್ಕಿಂತ ಮೊದಲು ಬಂದಿತ್ತು, ಅಷ್ಟೇ.

ಮಧ್ಯಾಹ್ನದವರೆಗೆ ಕೂತೆವು. ಒಂದು ಮೀನೂ ಮೂಸಲಿಲ್ಲ. ದಡ ಸೇರಿದ ಮೇಲೆ ಸಾಕ್ಷಿಯ ಕಾಗದ ಚಾಚಿದೆ. ಪೊರ್ಬುಗಳು ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಸಹಿ ಹಾಕಿದರು. "ಪರವಾಗಿಲ್ಲ ಮಾಷ್ಟ್ರೆ," ಎಂದರು. ಆ ಪರವಾಗಿಲ್ಲವನ್ನು ನಾನು ನಂಬಿ ಮನೆಗೆ ಬಂದು ಊಟ ಮಾಡಿ ಮಲಗಿದೆ. ಎಂಥ ಮನುಷ್ಯ ನಾನು.

ಮರುದಿನವೇ ಮಳೆ ಹಿಡಿಯಿತು, ಹೊಳೆ ಕೆಂಪಾಯಿತು. ಆ ವಾರವೇ ಬಾಯಮ್ಮನಿಗೆ ನಳಿಗೆ ಹಾಕಿದರು.

ಕ್ಲಬ್ಬಿನ ಸಮಾರಂಭದಲ್ಲಿ ಶಾಲು ಹೊದೆಸಿದರು. ಮುಖ್ಯ ಅತಿಥಿ ಮೂಕಪ್ರಾಣಿಯ ಮೇಲೆ ನನಗಿರುವ ಕರುಣೆಯ ಬಗ್ಗೆ ಮಾತಾಡಿದರು. ಸಾಕ್ಷಿಗೂ ಒಂದು ಪ್ರತಿ ಎಂದು ಫೋಟೋ ಇರುವ ಪ್ರಶಸ್ತಿಪತ್ರಕ್ಕೆ ಫ್ರೇಮ್ ಹಾಕಿಸಿ ಕೊಟ್ಟರು. ಪೊರ್ಬುಗಳು ಬಂದಿರಲಿಲ್ಲ. ಫ್ರೇಮನ್ನು ಹಿಡಿದುಕೊಂಡು ನಾನೇ ಕಲ್ಯಾಣಪುರಕ್ಕೆ ಹೋದೆ. ಅವರ ಹೆಸರೂ ಅಚ್ಚಾಗಿದೆ, ಮನೆಯವರಿಗೆ ಖುಷಿಯಾದೀತು ಎಂದುಕೊಂಡೆ. ಅಷ್ಟು ದಡ್ಡ.

ಪೊರ್ಬುಗಳು ಔಷಧಿ ತರಲು ಹೋಗಿದ್ದರು. ಬಾಯಮ್ಮ ಚಾವಡಿಯ ಮಂಚದಲ್ಲಿ ದಿಂಬಿಗೆ ಒರಗಿದ್ದರು. ಮೂಗಿನ ನಳಿಗೆಯನ್ನು ಕೆನ್ನೆಗೆ ಪಟ್ಟಿ ಹಾಕಿ ಅಂಟಿಸಿದ್ದರು. ಫ್ರೇಮನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

"ಯಾವಾಗಿನದ್ದು ಇದು?" ದನಿ ಗಾಳಿಯಷ್ಟೇ ಇತ್ತು.

"ಅವತ್ತು ಆದಿತ್ಯವಾರ ಹೋಗಿದ್ದೆವಲ್ಲ, ಆವಾಗ."

"ಅವತ್ತು ಎಂತದೂ ಸಿಗಲಿಲ್ಲ ಅಂದಿದ್ದರು ಇವರು."

ನನ್ನ ಮರ್ಯಾದೆ ಉಳಿಸಲು ಆ ಮನುಷ್ಯ ಹೆಂಡತಿಯ ಮುಂದೆ ಸುಳ್ಳು ಹೇಳಿದ್ದರು. ಆ ಗುಟ್ಟನ್ನು ನಾನೇ ಚೌಕಟ್ಟಿನಲ್ಲಿ ತಂದು ಅವರ ಮನೆಯಲ್ಲಿ ಒಡೆದಿದ್ದೆ.

ಬಾಯಮ್ಮ ಗಾಜಿನ ಮೇಲೆ ಬೆರಳಿಟ್ಟು ಕೆಂಬೇರಿಯ ತಲೆಯನ್ನು ಕಿವಿರಿನವರೆಗೆ ಅಳೆದರು. "ಒಳ್ಳೆ ತಲೆ," ಎಂದರು. ಆಮೇಲೆ ಕೇಳಿದರು, "ಇದನ್ನು ಎಂತಕ್ಕೆ ಬಿಟ್ಟದ್ದು ಮಾಷ್ಟ್ರೆ?"

ಸಿಟ್ಟಿನಿಂದ ಕೇಳಿದ್ದಲ್ಲ. ನಿಜವಾಗಿಯೂ ಗೊತ್ತಾಗದೆ ಕೇಳಿದ್ದು. ಬಯ್ದಿದ್ದರೆ ನಾನು ಬದುಕುತ್ತಿದ್ದೆ.

ಅವರ ತೊಡೆಯ ಮೇಲಿದ್ದ ಕಾಗದಕ್ಕೆ ಕೈ ತೋರಿಸಿದೆ. "ಇದಕ್ಕೆ ಬಾಯಮ್ಮ."

ಅವರು ಫ್ರೇಮನ್ನು ಮೆಲ್ಲಗೆ ತಿರುಗಿಸಿ, ಹಿಂದುಗಡೆ ಇನ್ನೇನಾದರೂ ಉಂಟಾ ಎಂದು ನೋಡಿದರು. ಬರೀ ರಟ್ಟು ಇತ್ತು.