ಚಿಲಕ ಹಾಕಿದವರು ಯಾರು?

ಬೆಳಗಿನ ಆರು ಗಂಟೆ. ಪಾಮನಕಲ್ಲೂರಿನ ಗ್ರಂಥಾಲಯದ ಕಟ್ಟೆಯ ಮೇಲೆ ಹದಿನಾಲ್ಕು ಹೆಂಗಸರು ಬುತ್ತಿಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ. ಸಿಂಧನೂರು ಕಡೆಗೆ ಭತ್ತದ ನಾಟಿಗೆ ಒಯ್ಯುವ ಟಂಟಂ ಆಟೊ ಇನ್ನೂ ಬಂದಿಲ್ಲ. ನಡುವೆ ನಿಂತ ಶಿವಕುಮಾರಿ ಬೆನ್ನು ಹರಿದ ಕಾದಂಬರಿಯೊಂದನ್ನು ಓದುತ್ತಾರೆ. ಹಳೆಯ ವಾಡೆ, ಮಹಡಿಯ ಕೋಣೆ, ಬಿಳಿ ಸೀರೆಯ ಹೆಣ್ಣು. ವಾಕ್ಯ ಮುಗಿದಂತೆಲ್ಲ ಒಬ್ಬರು ‘ಹ್ಞೂಂ’ ಅನ್ನಬೇಕು. ಹ್ಞೂಂಗುಡುವವರಿಲ್ಲದೆ ಇಲ್ಲಿ ಕಥೆ ಮುಂದೆ ಸಾಗುವುದಿಲ್ಲ. ಈಗ ಆ ಕೆಲಸ ಕರೆಮ್ಮನದು.

ದಿನಕ್ಕೆ ನಾಲ್ಕು ಪುಟ, ಹತ್ತು ನಿಮಿಷ. ಹನ್ನೊಂದು ವರ್ಷಗಳಿಂದ ಈ ಗ್ರಂಥಾಲಯ ನೋಡಿಕೊಳ್ಳುತ್ತಿರುವ ಶಿವಕುಮಾರಿಗೆ ನಲವತ್ತಮೂರು ವಯಸ್ಸು. ಲಿಂಗಸುಗೂರಿನ ಗಂಡನ ಮನೆಯಿಂದ ಮಗಳನ್ನು ಎತ್ತಿಕೊಂಡು ತವರಿಗೆ ಬಂದವರು. ‘ಅಲ್ಲಿ ನನಗೂ ಒಂದು ಕೋಣಿ ಇತ್ತು’ ಎನ್ನುತ್ತಾರೆ. ಅದರಾಚೆ ಆ ಮಾತು ಬೆಳೆಸುವುದಿಲ್ಲ.

ಕೆಳಗಿನ ಕಪಾಟಿನ ತುಂಬ ದೆವ್ವದ ಕಾದಂಬರಿಗಳು. ಪ್ರತಿ ಪುಸ್ತಕದ ಒಳರಟ್ಟಿನಲ್ಲಿ, ಅದರ ದೆವ್ವ ಸತ್ತದ್ದು ಹೇಗೆಂದು ಅವರು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಾರೆ.

‘ಇಪ್ಪತ್ತಾರು ಓದೀನ್ರಿ. ಇಪ್ಪತ್ತೊಂದರಾಗ ದೆವ್ವ ಹೆಣ್ಣು. ಬಾವಿಗಿ ನೂಕ್ಯಾರ, ಸುಟ್ಟಾರ, ಕೋಣ್ಯಾಗ ಕೂಡಿ ಹಾಕ್ಯಾರ. ಒಬ್ಬಾಕೀನೂ ಜ್ವರ ಬಂದು ಸತ್ತಿಲ್ಲ. ಮಂದಿ ಆಕಿಗಿ ಅಂಜತಾರ. ಚಿಲಕ ಹಾಕಿದವನಿಗಿ ಯಾರೂ ಅಂಜಂಗಿಲ್ಲ.’

ಅದಕ್ಕೇ ಓದು ಮುಗಿದ ಮೇಲೆ ದಿನಾ ಹೆಂಗಸರಿಗೆ ಅವರದು ಒಂದೇ ಪ್ರಶ್ನೆ: ಚಿಲಕ ಹಾಕಿದವರು ಯಾರು?

ಹೋದ ವರ್ಷದ ನಾಟಿಯ ಹೊತ್ತಿಗೆ ಹ್ಞೂಂಗುಡುತ್ತಿದ್ದವರು ಬಸ್ಸಮ್ಮ. ಒಂದು ಬೆಳಗ್ಗೆ, ಕಥೆ ಕೋಣೆಯ ಬಾಗಿಲಿಗೆ ಬಂದಾಗ, ಆಕೆಯ ದನಿ ನಿಂತಿತು.

‘ಯಾಕ ಬಸ್ಸಕ್ಕ, ನಿದ್ದಿ ಬಂತೇನ?’ ಶಿವಕುಮಾರಿ ಕೇಳಿದರು.

‘ನಿದ್ದಿ ಅಲ್ಲ ಬೇ. ಮಗ್ಗಲ ಮನ್ಯಾಗ ಕರೆಮ್ಮಗ ಗಾಳಿ ಬಡದೈತಂತ ಕೂಡಿ ಹಾಕ್ಯಾರ. ಒಂಬತ್ತು ದಿನ ಆತು. ಹೊಡಿಯೋ ಸಪ್ಪಳ ಕೇಳತೈತಿ. ಹ್ಯಾಂಗ ಹ್ಞೂಂ ಅನ್ನಲಿ?’

ಅಂದು ಟಂಟಂ ಖಾಲಿ ಹೋಯಿತು. ಹೆಂಗಸರೆಲ್ಲ ಕರೆಮ್ಮನ ಮನೆಯ ಮುಂದೆ ನಿಂತರು. ಗಂಡ ಹೊಸ್ತಿಲಿಗೆ ಅಡ್ಡ ನಿಂತ: ‘ಆಕಿ ಮೈಯಾಗ ದೆವ್ವ ಐತಿ. ಒಳಗ ಬಂದ್ರ ನಿಮಗೂ ಬಡೀತೈತಿ.’

‘ಬಡೀಲಿ ಬಿಡೋ ಅಣ್ಣ’ ಎಂದರು ಶಿವಕುಮಾರಿ. ‘ದೆವ್ವಗಳ ಪರಿಚಯ ನಮಗ ಭಾಳ ಐತಿ. ಚಿಲಕ ಯಾರು ಹಾಕಿದ್ರು, ಅದಷ್ಟ ಹೇಳು.’

ಹಿಂದಿನಿಂದ ಯಾರೋ ನಕ್ಕರು. ಆ ನಗೆಗೆ ಅವನು ಪಕ್ಕಕ್ಕೆ ಸರಿದ. ಚಿಲಕ ತೆಗೆದದ್ದು ಬಸ್ಸಮ್ಮ. ಅಲ್ಲಿಂದ ಮಸ್ಕಿಯ ಆಸ್ಪತ್ರೆಗೆ, ಆಮೇಲೆ ಪೊಲೀಸ್ ಠಾಣೆಗೆ, ಎಲ್ಲರೂ ಜತೆಗೇ ಹೋದರು. ಕರೆಮ್ಮ ಈಗ ತಾಯಿಯ ಮನೆಯಲ್ಲಿದ್ದಾಳೆ, ನಾಟಿಗೆ ಹೋಗುತ್ತಾಳೆ.

ಶಿವಕುಮಾರಿಯವರಿಗೆ ಇರುವುದು ಒಂದೇ ಆಸೆ. ‘ಇಪ್ಪತ್ತೇಳನೇ ಪುಸ್ತಕ ಬರಬೇಕ್ರಿ. ಅದರಾಗ ಆಕಿ ಜೀವಂತ ಹೊರಗ ಬರಬೇಕು.’

ಕಟ್ಟೆಯ ತುದಿಯಲ್ಲಿ ಕರೆಮ್ಮ ಬುತ್ತಿಗಂಟು ಸರಿಮಾಡಿಕೊಳ್ಳುತ್ತಾಳೆ.

‘ಪುಸ್ತಕಕ್ಕ ಯಾಕ ಕಾಯ್ತೀರಿ ಅಕ್ಕಾರ? ನಾ ಇಲ್ಲೇ ಕುಂತೀನಲ್ಲ. ಓದ್ರಿ ಮುಂದ.’