ಗಡ್ಡೆಗೆ ಊಟ ಹಾಕುತ್ತಿದ್ದವರು

ಮೊನ್ನೆ ವಿಮಾನ ನಗರದ ಕ್ಲಿನಿಕ್ಕಿನಲ್ಲಿ ನರ್ಸ್ ನನ್ನ ತೋಳಿಗೆ ಸ್ಪಿರಿಟ್ ಒರೆಸಿದಳು. ಖಂಡೇನವಮಿಯ ಆಯುಧಪೂಜೆಯೆಂದು ಬಾಗಿಲಿಗೆ ಚೆಂಡುಹೂವಿನ ಮಾಲೆ ಹಾಕಿದ್ದರು. ಎರಡೂ ಕೂಡಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಕೆಳಗಿನ ಮನೆಯ ಅಕ್ಕಾವ್ರು ಕಣ್ಣ ಮುಂದೆ ಬಂದು ನಿಂತರು. ಸೂಜಿ ಚುಚ್ಚುವ ಮೊದಲೇ ನಾನು ಅಳುತ್ತಿದ್ದೆ. ನರ್ಸ್ ಗಾಬರಿಯಾಗಿ ಮರಾಠಿಯಲ್ಲಿ, "ಕಾಯ್ ಝಾಲ ಕಾಕೂ?" ಅಂದಳು. ಏನಾಯಿತೆಂದು ಹೇಳಲಿ ಅವಳಿಗೆ?

ಅಕ್ಕಾವ್ರು ಧಾರವಾಡದ ಕಡೆಯವರು, ವಿಜ್ಞಾನಿ. ಮಿದುಳಿನ ಗಡ್ಡೆಗಳ ಮೇಲೆ ಅವರ ಸಂಶೋಧನೆ. ಆಪರೇಷನ್ನಿನಲ್ಲಿ ತೆಗೆದ ಗಡ್ಡೆಯ ಚೂರನ್ನು ತಂದು ತಟ್ಟೆಯಲ್ಲಿ ಬೆಳೆಸುತ್ತಿದ್ದರು. ಆ ಜೀವಕೋಶಗಳಿಗೆ ಹೊತ್ತು ಹೊತ್ತಿಗೆ ಪೋಷಕ ದ್ರವ ಬದಲಿಸಬೇಕು. ಅವಕ್ಕೆ ರವಿವಾರವಿಲ್ಲ, ಹಬ್ಬವಿಲ್ಲ. ದೀಪಾವಳಿಯ ಎಣ್ಣೆಸ್ನಾನ ಮುಗಿಸಿ ಒದ್ದೆ ಕೂದಲಲ್ಲೇ ಸ್ಕೂಟರ್ ಹತ್ತುವರು. "ಚಕ್ಕುಲಿ, ಉಂಡಿ, ಫರಾಳ ತಿಂದು ಹೋಗ್ರಿ" ಅಂದರೆ, "ಅವಕ್ಕ ಊಟಾ ಹಾಕಿ ಬರ್ತೇನ್ರಿ, ಆಮ್ಯಾಲ ನಂದು" ಅನ್ನುವರು. ಹೊಟ್ಟೆಯಲ್ಲಿ ಹುಟ್ಟಿದವರಿಗೂ ಯಾರೂ ಇಷ್ಟು ಮಾಡುವುದಿಲ್ಲ ಎಂದು ನಾನು ಕಾಡಿಸುತ್ತಿದ್ದೆ.

ಆಮೇಲೆ ನನ್ನ ಯಜಮಾನರಿಗೇ ಆ ಗಡ್ಡೆ ಬಂತು. ಕಾಡಿಸುವುದೆಲ್ಲ ಅಲ್ಲಿಗೆ ನಿಂತಿತು.

ಆಪರೇಷನ್ನಿನ ಹಿಂದಿನ ದಿನ ಅಕ್ಕಾವ್ರು ಒಂದು ಚೂರು ಕೇಳಿದಾಗ ನಾನು ಸಿಡಿದುಬಿದ್ದೆ. ಯಜಮಾನರೇ ನಕ್ಕು, "ಕೊಡೂಣು ಬಿಡ. ಹೆಂಗೂ ಚೆಲ್ಲೂದು, ಅವರರ ಬಳಸಲಿ" ಅಂದರು. ಆಮೇಲೆ ಕೆಲವು ತಿಂಗಳು ಮನೆಯಲ್ಲಿದ್ದರು… ಮಾತು ಹೋಯಿತು, ನನ್ನ ಗುರುತು ಹೋಯಿತು, ಕಡೆಗೆ ಅವರೂ ಹೋದರು.

ಆ ವರ್ಷ ಹಬ್ಬಕ್ಕೆ ನನ್ನನ್ನು ಯಾರೂ ಕರೆಯಲಿಲ್ಲ. ಅಕ್ಕಾವ್ರು ಮಾತ್ರ ಲ್ಯಾಬಿನ ಖಂಡೇನವಮಿ ಪೂಜೆಗೆ ಕೈಹಿಡಿದು ಕರೆದೊಯ್ದರು. ಯಂತ್ರಗಳಿಗೆಲ್ಲ ಚೆಂಡುಹೂವು. ಜೀವಕೋಶಗಳ ಕೋಣೆಯೊಳಗೆ ಮಾತ್ರ ಹೂವು ಒಯ್ಯುವಂತಿಲ್ಲ, ತಟ್ಟೆಗಳಿಗೆ ಬೂಷ್ಟು ಹಿಡಿಯುತ್ತದಂತೆ. ಅದಕ್ಕೆ ಬಾಗಿಲ ಹೊರಗೇ ಕುಂಕುಮ. "ನಮ್ಮ ಯಜಮಾನರದು ತೋರಸ್ರಿ" ಎಂದು ನಾನೇ ಹಟ ಹಿಡಿದೆ. ಕೈಗೆ ಸ್ಪಿರಿಟ್ ಹಾಕಿಸಿ ಒಳಗೆ ಬಿಟ್ಟರು. ಸೂಕ್ಷ್ಮದರ್ಶಕದಲ್ಲಿ ಬಗ್ಗಿ ನೋಡಿದೆ. ತಟ್ಟೆಯ ತುಂಬ ಕೋಶಗಳು ಕೈಕಾಲು ಚಾಚಿಕೊಂಡು ಹಬ್ಬಿದ್ದವು.

"ಅವರನ್ನ ತಿಂದದ್ದು ಇಲ್ಲಿ ಉಂಡು ಮೈ ಬೆಳಸಾಕತ್ತದೇನ್ರಿ? ಕೊಲ್ರಿ ಇದನ್ನ, ನನ್ನ ಕಣ್ಣ ಮುಂದ!" ಎಂದು ಚೀರಿದೆ.

ಅಕ್ಕಾವ್ರು ನನ್ನ ಕೈ ಬಿಡಲಿಲ್ಲ. "ಬ್ಲೀಚ್ ಹಾಕಿದ್ರ ಈಗ ಸಾಯ್ತದ್ರಿ. ಮನಷ್ಯಾನ ತಲಿಯೊಳಗ ಬ್ಲೀಚ್ ಹಾಕಾಕ ಬರೂದಿಲ್ಲಲ್ಲ? ನಮ್ಮ ರಕ್ತದಾಗ ಕಾವಲುಗಾರ ಕೋಶ ಇರ್ತಾವ. ಈ ಗಡ್ಡಿ ಅವಕ್ಕ ಮಂಕುಬೂದಿ ಎರಚ್ತದ. ಯಾವ ಜೀನ್ ಈ ಕೆಲಸಾ ಮಾಡಸ್ತದ ಅಂತ ಹುಡಕಾಕತ್ತೇನಿ. ಆ ಕಾವಲುಗಾರರೇ ಇದನ್ನ ಪೂರಾ ಕೊಂದ ದಿನಾ, ಮೊದಲ ನಿಮ್ಮ ಬಾಗಲಾ ಬಡೀತೇನಿ."

ಆ ಬಡಿತಕ್ಕೆ ಕಾಯುವುದೇ ನನ್ನ ಬದುಕಾಯಿತು. ಒಂದು ಸಂಜೆ ನಿಜಕ್ಕೂ ಬಡಿದರು. ತಟ್ಟೆಯಲ್ಲಿ ಅರ್ಧಕ್ಕರ್ಧ ಸತ್ತಿದ್ದವಂತೆ! ಇಬ್ಬರೂ ಶಿರಾ ಮಾಡಿಕೊಂಡು ತಿಂದೆವು. ಮುಂದಿನ ವಾರ ಉಳಿದವು ಮತ್ತೆ ಹಬ್ಬಿದವು. ಅಕ್ಕಾವ್ರು ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತರು. ಮರುದಿನ ಬೆಳಿಗ್ಗೆ ಎದ್ದು ಊಟ ಹಾಕಲು ಹೋದರು.

ಹೋದ ವರ್ಷ ಅಕ್ಕಾವ್ರ ಹೃದಯ ನಿಂತಿತು. ಎಲ್ಲ ನೆಟ್ಟಗಿದ್ದಾಗಲೇ, ಹಾಗೇ…

ಆಮೇಲೆ ಅವರ ವಿದ್ಯಾರ್ಥಿನಿ ನನ್ನ ಮನೆಗೆ ಬಂದಳು. ಲ್ಯಾಬ್ ಮುಚ್ಚುತ್ತಿದೆ, ಯಜಮಾನರ ಗಡ್ಡೆಯ ಕೋಶಗಳನ್ನು ಬೇರೆ ಊರಿನ ಲ್ಯಾಬಿಗೆ ಕಳಿಸಬೇಕೋ, ನಾಶ ಮಾಡಬೇಕೋ, ನೀವೇ ಹೇಳಿ ಅಂದಳು. ಕೊಲ್ಲಿರಿ ಎಂದು ಚೀರಿದ್ದವಳ ಬಾಯಿಂದ ಆ ಮಾತು ಹೊರಡಲೇ ಇಲ್ಲ.

"ಕಳಸ್ರಿ," ಅಂದೆ. "ಹೊತ್ತಿಗೆ ಸರಿಯಾಗಿ ಊಟಾ ಹಾಕಾಕ ಹೇಳ್ರಿ."

ಮೊನ್ನೆ ಕ್ಲಿನಿಕ್ಕಿನಿಂದ ಬಂದಾಗ ಕೆಳಗಿನ ಮನೆಗೆ ಬೇರೆಯವರು ಬಂದು ತೋರಣ ಕಟ್ಟಿದ್ದರು. ಯಾವುದೋ ಊರಿನಲ್ಲಿ ಯಾರೋ ಅವಕ್ಕೆ ಊಟ ಹಾಕಿ ಬಂದಿರುತ್ತಾರೆ. ಒಂದು ದಿನ ಅವು ಪೂರಾ ಸಾಯುತ್ತವೆ, ನಾನು ನಂಬಿದ್ದೇನೆ. ಆದರೆ ಅವತ್ತು ನನ್ನ ಬಾಗಿಲು ಬಡಿಯುವವರು ಯಾರೂ ಇಲ್ಲ.