ಜೀಪಿಗೆ ಕೊಟ್ಟ ತೀರ್ಥ

ಅಪ್ಪ ಜೀಪು ಕೊಂಡದ್ದು ಅರವತ್ತರ ದಶಕದಲ್ಲಿ. ಮಿಲಿಟರಿಯವರು ಹರಾಜಿಗೆ ಹಾಕಿದ್ದ ಗಾಡಿ, ಸ್ಟೇರಿಂಗ್ ಎಡಕ್ಕೆ. ನಮ್ಮ ಮನೆಗೆ ಬರುವಾಗಲೇ ಅದಕ್ಕೆ ನನಗಿಂತ ಹೆಚ್ಚು ವಯಸ್ಸಾಗಿತ್ತು. ಬಾಗಿಲುಗಳಿರಲಿಲ್ಲ, ಹಾರ್ನ್ ಮನಸ್ಸು ಬಂದರೆ ಕೂಗುತ್ತಿತ್ತು, ಪೆಟ್ರೋಲ್ ಎಷ್ಟಿದೆಯೆಂದು ತೋರಿಸುವ ಮುಳ್ಳು ಯಾವ ಕಾಲದಲ್ಲೋ ಸತ್ತಿತ್ತು. ಟ್ಯಾಂಕು ಇದ್ದದ್ದು ಡ್ರೈವರ್ ಸೀಟಿನ ಕೆಳಗೆ. ಅಪ್ಪ ದಿನಾ ಬೆಳಿಗ್ಗೆ ಸೀಟು ಎತ್ತಿ, ಮುಚ್ಚಳ ತೆಗೆದು, ಬಿದಿರಿನ ಕಡ್ಡಿ ಅದ್ದಿ ನೋಡುತ್ತಿದ್ದ.

ಸಿರುಗುಪ್ಪದಲ್ಲಿ ಅವನದು ಪಂಪ್‌ಸೆಟ್ ರಿಪೇರಿ ಕೆಲಸ. ಕೆಂಚನಗುಡ್ಡದ ಹೊಳೆದಂಡೆಯಿಂದ, ಹಚ್ಚೊಳ್ಳಿ ಕಡೆಯ ಗದ್ದೆಗಳಿಂದ ಜನ ಕರೆಯಲು ಬರುತ್ತಿದ್ದರು. ಮಳೆ ಬಿದ್ದರೆ ನಮ್ಮ ಎರೆಮಣ್ಣು ಹಿಡಿದದ್ದನ್ನು ಬಿಡುವುದಿಲ್ಲ; ಬಸ್ಸು ಅರ್ಧ ದಾರಿಯಲ್ಲೇ ನಿಂತುಬಿಡುತ್ತಿತ್ತು. ಅಪ್ಪ ಸಣ್ಣ ಗೇರಿನ ಕೋಲೆಳೆದು, ನಾಲ್ಕೂ ಗಾಲಿ ತಿರುಗಿಸಿಕೊಂಡು, ಆ ಬಸ್ಸಿನ ಪಕ್ಕದಲ್ಲೇ ನಿಧಾನವಾಗಿ ಹೋಗುತ್ತಿದ್ದ. ಜಾಸ್ತಿ ನಿಧಾನವಾಗಿ ಹೋಗುತ್ತಿದ್ದ, ಎಲ್ಲರೂ ನೋಡಲಿ ಎಂದು.

ಅದು ಕೆಡುತ್ತಿರಲಿಲ್ಲ ಎಂದರೆ ಶುದ್ಧ ಸುಳ್ಳು. ತಿಂಗಳಿಗೊಮ್ಮೆಯಾದರೂ ಕೆಡುತ್ತಿತ್ತು. ಆದರೆ ಬಾನೆಟ್ ಎತ್ತಿದರೆ ಎಲ್ಲ ಕಣ್ಣಿಗೆ ಕಾಣುತ್ತಿತ್ತು, ಎಲ್ಲಕ್ಕೂ ಕೈ ಎಟುಕುತ್ತಿತ್ತು. ಒಂದು ಸ್ಪ್ಯಾನರು, ಸ್ವಲ್ಪ ತಂತಿ, ಸ್ವಲ್ಪ ಬೈಗುಳ ಇದ್ದರೆ ಗಾಡಿ ಮತ್ತೆ ಹೊರಡುತ್ತಿತ್ತು. ಬಳ್ಳಾರಿಯ ಕೌಲ್ ಬಜಾರಿನ ಮೇಸ್ತ್ರಿ ಅಪ್ಪನಿಗೆ ಹೇಳಿದ್ದು ಇಷ್ಟೇ: “ಹೊಸಾ ಗಾಡಿ ಕೆಟ್ಟರ ನನ್ನ ಹತ್ರ ಬರಬೇಕ್ರಿ. ಇದು ಕೆಟ್ಟರ ನೀವಾ ಸಾಕು.” ಅಪ್ಪ ಅದನ್ನು ಬಿರುದಿನ ಹಾಗೆ ಊರೆಲ್ಲ ಹೇಳಿಕೊಂಡು ಬಂದ.

ಅವ್ವನಿಗೆ ಆ ಜೀಪು ಕಂಡರಾಗುತ್ತಿರಲಿಲ್ಲ. ಕುರುಗೋಡಿನ ತವರಿಗೆ ಬಸ್ಸಿನಲ್ಲೇ ಹೋಗುತ್ತಿದ್ದಳು. “ಆ ಗುಜರಿ ಹತ್ತಿ ಹೋದರ ನನ್ನ ತಮ್ಮಂದಿರು ನಗತಾರ” ಎನ್ನುತ್ತಿದ್ದಳು. ನನ್ನ ಓದಿನ ಬಗ್ಗೆಯೂ ಅವಳದು ಹೆಚ್ಚುಕಡಿಮೆ ಅದೇ ಧಾಟಿ. ಟೀಚರ್ ಟ್ರೈನಿಂಗ್ ಮುಗಿಸಿ ಮನೆಯಲ್ಲಿ ಕೂತಿದ್ದೆ. ಬಳ್ಳಾರಿಯಿಂದ ಇಂಟರ್‌ವ್ಯೂಗೆ ಕಾಗದ ಬಂದಾಗ ಮನೆಯಲ್ಲಿ ಒಂದು ಮಾತಾಯಿತು: ಈ ಸಲ ಕೆಲಸ ಸಿಕ್ಕರೆ ಸರಿ, ಸಿಗದಿದ್ದರೆ ಬಂದ ಗಂಡಿಗೆ ಒಪ್ಪಿ ಸುಮ್ಮನೆ ಮದುವೆಯಾಗಬೇಕು. ಗಂಡು ಆಗಲೇ ಬಂದು ನೋಡಿಕೊಂಡು ಹೋಗಿತ್ತು.

ಹತ್ತು ಗಂಟೆಗೆ ಅಲ್ಲಿರಬೇಕು. ನಾನು ಬಸ್ಸಿಗೆ ಹೋಗುತ್ತೇನೆಂದೆ. ಅಪ್ಪ ಜೀಪೇ ಎಂದ. ಹುಡುಗಿಯ ಜೊತೆ ತಾಯಿ ಇರಬೇಕೆಂದು ಅವ್ವನೂ ಹೊರಟಳು. ಜೀಪು ಹತ್ತುವುದು ಅವಳಿಗೆ ಅದೇ ಮೊದಲು.

ತೆಕ್ಕಲಕೋಟೆ ದಾಟಿ ಸ್ವಲ್ಪ ದೂರ ಹೋಗಿದ್ದೆವು. ಜೀಪು ಕೆಮ್ಮಿತು, ಎರಡು ಸಲ ಜಗ್ಗಿತು, ನಿಂತಿತು. ಅಪ್ಪ ಇಳಿದು ಬಾನೆಟ್ ಎತ್ತಿದ. ನಾನು ಬರಬೇಕೆಂದಿದ್ದ ಬಸ್ಸು ಕಿಕ್ಕಿರಿದು ಬಂತು. ಓಡಿಹೋಗಿ ಕೈ ಅಡ್ಡ ಹಾಕಿದೆ, ನಿಲ್ಲಿಸದೆ ಹೋಯಿತು. ಆಗ ನನಗೆ ಅಳುವೇ ಬಂತು.

ಪೆಟ್ರೋಲ್ ಸೋಸುವ ಗಾಜಿನ ಬಟ್ಟಲನ್ನು ಅಪ್ಪ ಬಿಚ್ಚಿ ಬಿಸಿಲಿಗೆ ಹಿಡಿದ. ತಳದಲ್ಲಿ ಬೇರೆಯೇ ಏನೋ ನಿಂತಿತ್ತು.

“ನೀರು! ಯಾವನೋ ಕಳ್ಳ ನನಮಗ ಪೆಟ್ರೋಲ್‌ನಾಗ ನೀರು ಬೆರಸ್ಯಾನ” ಎಂದು ಬೈಯತೊಡಗಿದ.

ಅವ್ವ ರಸ್ತೆಯ ಪಕ್ಕ ಕೂತಿದ್ದಳು. ಅಲ್ಲಿಂದಲೇ ಕೇಳಿದಳು: “ತೀರ್ಥನೂ ನೀರಿನಂಗ ಕಾಣತೈತೇನ್ರಿ?”

ಪ್ರಯಾಣಕ್ಕೆ ಹೊರಟವರಿಗೆ ದೇವರ ಮುಂದಿನ ತೀರ್ಥ ಕೊಟ್ಟು ಕಳಿಸುವುದು ನಮ್ಮ ಮನೆಯ ಪದ್ಧತಿ. ಅವತ್ತು ಅವ್ವ ನನಗೆ ಕೊಟ್ಟಳು, ಅಪ್ಪನಿಗೆ ಕೊಟ್ಟಳು, ತಾನು ತೆಗೆದುಕೊಂಡಳು. ತಂಬಿಗೆ ಹಿಡಿದು ಅವಳು ಹೊರಗೆ ಬಂದರೆ ಜೀಪಿನ ಸೀಟು ಎತ್ತಿತ್ತು, ಮುಚ್ಚಳ ತೆಗೆದಿತ್ತು. ಅಪ್ಪ ಕಡ್ಡಿ ಅದ್ದಿ ನೋಡಿ, ಅಂಗಿ ಹಾಕಿಕೊಳ್ಳಲು ಒಳಗೆ ಹೋಗಿದ್ದ. “ಬಾಯಿ ತಗದಿತ್ತು. ನಮ್ಮನ್ನೆಲ್ಲಾ ಹೊತ್ತಗೊಂಡು ಹೋಗಾಕತ್ತೈತಲ್ಲ, ಅದಕ್ಕೂ ಇರಲಿ ಅಂತ ತಂಬಿಗ್ಯಾಗ ಇದ್ದದ್ದೆಲ್ಲಾ ಹಾಕಿದ್ನಿ” ಎಂದಳು.

ಅಪ್ಪನ ಬೈಗುಳ ಅಲ್ಲಿಗೇ ನಿಂತಿತು. ಅವನು ಏನೋ ಹೇಳುವುದರೊಳಗೆ ನಾನು ಬಾಯಿಬಿಟ್ಟೆ.

“ನಿನಗ ಗೊತ್ತಿದ್ದಾ ಹಾಕೀದಿ. ನಾನು ನೌಕರಿಗಿ ಹೋಗೂದು ನಿನಗ ಬ್ಯಾಡಾಗಿತ್ತು.”

ಅವ್ವ ನನ್ನನ್ನು ನೋಡಿದಳು. ಸೆರಗು ಸರಿಮಾಡಿಕೊಂಡಳು.

“ಹುಚ್ಚಿ, ಸುಮ್ನಿರು” ಎಂದು ಅಪ್ಪ ನನ್ನನ್ನು ಗದರಿ ಜೀಪಿನ ಅಡಿಗೆ ತೂರಿದ. ಟ್ಯಾಂಕಿನ ತಳದ ಬಿರಡೆ ಬಿಚ್ಚಿ ನೀರನ್ನೆಲ್ಲ ಇಳಿಸಿದ. ಬಟ್ಟಲು ಒರೆಸಿ, ಪೈಪು ಊದಿ, ಕಾರ್ಬೊರೇಟರು ಸ್ವಚ್ಛ ಮಾಡಿದ. ಎಲ್ಲ ಸೇರಿ ಮುಕ್ಕಾಲು ಗಂಟೆ. ಗಾಡಿ ಏನೂ ಆಗಿಲ್ಲವೆಂಬಂತೆ ಹೊರಟಿತು. ಬಳ್ಳಾರಿ ಮುಟ್ಟುವಾಗ ಹತ್ತು ದಾಟಿತ್ತು, ಆದರೆ ಉದ್ದ ಸಾಲಿತ್ತು. ನನ್ನ ಹೆಸರು ಇನ್ನೂ ಕೂಗಿರಲಿಲ್ಲ. ದಾರಿಯುದ್ದಕ್ಕೂ ಅವ್ವ ಹಿಂದೆ ಕೂತು ಕಬ್ಬಿಣದ ಸರಳು ಹಿಡಿದುಕೊಂಡಿದ್ದಳು. ನಾನು ತಿರುಗಿ ನೋಡಲಿಲ್ಲ.

ಎರಡು ತಿಂಗಳಾದ ಮೇಲೆ ಆರ್ಡರು ಬಂತು, ಹಚ್ಚೊಳ್ಳಿ ಕಡೆಯ ಒಂದು ಶಾಲೆಗೆ. ನೋಡಿಹೋದ ಗಂಡಿನ ಮನೆಗೆ ಆಗುವುದಿಲ್ಲವೆಂದು ಹೇಳಿಕಳಿಸಿದವಳು ಅವ್ವನೇ ಎಂದು ಅಪ್ಪ ಆಮೇಲೆ ಹೇಳಿದ. ಅದೂ ಇಂಟರ್‌ವ್ಯೂಗೆ ಹಿಂದಿನ ದಿನವೇ, ನನಗೆ ಕೆಲಸ ಸಿಕ್ಕೇ ಸಿಗುತ್ತದೆಂದು. ನನಗೆ ನಾಚಿಕೆಯಾಯಿತು. ತಪ್ಪಾಯಿತೆಂದು ಅವ್ವನಿಗೆ ಹೇಳಬೇಕೆಂದುಕೊಂಡೆ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ದಿನ ಕಳೆದೆ.

ಮೊದಲ ದಿನ ಶಾಲೆಗೆ ಹೊರಟಾಗ ಮಳೆ ಬಂದು ನಿಂತಿತ್ತು, ಬಸ್ಸಿರಲಿಲ್ಲ. ಅಪ್ಪ ಜೀಪು ತೆಗೆದ. ಅವ್ವ ಕುಂಕುಮದ ಬಟ್ಟಲು ಹಿಡಿದು ಹೊಸ್ತಿಲ ತನಕ ಬಂದವಳು ಅಲ್ಲೇ ನಿಂತಳು. ಮನೆಯಲ್ಲಿ ಯಾರ ಅಪ್ಪಣೆಯನ್ನೂ ಕೇಳಿದವಳಲ್ಲ.

“ಗಾಡಿಗಿ ಹಚ್ಚಲೇನು?” ಎಂದು ನನ್ನನ್ನು ಕೇಳಿದಳು. “ಹೊರಗ ಹಚ್ಚಿದರ ಏನೂ ಆಗೂದಿಲ್ಲಲ್ಲ?”

“ಹಚ್ಚು” ಎಂದೆ. ಅಷ್ಟೇ ಹೇಳಿದೆ.